ಸಾಬರ ಅಕ್ಷರ, ಆರಡಿಯ ಚೌಕಟ್ಟು

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನಮ್ಮದೊಂದು ಬೋರ್ಡು ಬರೆಯುವ ಅಂಗಡಿ ಇತ್ತು. ನಮ್ಮದು ಎಂದರೆ ನನ್ನದು ಮತ್ತು ಊರೆಲ್ಲ ಸಾಬ್ರು ಎಂದು ಕರೆಯುತ್ತಿದ್ದ ನನ್ನ ಪಾಲುದಾರರದು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಶೃಂಗೇರಿಯಿಂದ ಎನ್.ಆರ್.ಪುರದವರೆಗೆ ಯಾವ ಅಂಗಡಿಯ ಬೋರ್ಡು ನೋಡಿದರೂ ಅವರದೇ ಅಕ್ಷರ. ನಾನು ಹಲಗೆಗೆ ಬಣ್ಣ ಬಳಿದು ಒಣಗಿಸಿ ಕೊಟ್ಟರೆ ಅವರು ಬೀಡಿ ಆರಿಸಿ, ಗೆರೆಯೂ ಹಾಕದೆ ಬರೆದುಬಿಡುತ್ತಿದ್ದರು. ಉಳಿದಂತೆ ನನ್ನ ಕೆಲಸ ಗಿರಾಕಿ ಹಿಡಿಯುವುದು ಮತ್ತು ಬೈಯುವುದು. ಎರಡನೆಯದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ಶಿವಮೊಗ್ಗದಲ್ಲಿ ದೊಡ್ಡ ಅಳತೆಯ ಸ್ಕ್ರೀನ್ ಪ್ರಿಂಟಿಂಗ್ ನೋಡಿದೆ. ಮರದ ಚೌಕಟ್ಟಿಗೆ ಬಿಗಿದ ನೈಲಾನ್ ಬಲೆ. ಅಕ್ಷರ ಕತ್ತರಿಸಿದ ಹಾಳೆಯನ್ನು ಅದಕ್ಕೆ ಅಂಟಿಸಿ, ಬಟ್ಟೆಯ ಮೇಲಿಟ್ಟು, ರಬ್ಬರ್ ಪಟ್ಟಿಯಿಂದ ಬಣ್ಣ ಎಳೆದರೆ ಬ್ಯಾನರು ಸಿದ್ಧ. ಒಂದಲ್ಲ, ಎಷ್ಟು ಬೇಕಾದರೂ. ನನಗೆ ತಡೆದುಕೊಳ್ಳಲಾಗಲಿಲ್ಲ. ಕೈಯಲ್ಲಿದ್ದುದನ್ನೆಲ್ಲ ಸುರಿದು ಆರಡಿಯ ಚೌಕಟ್ಟು, ಮೇಜು, ಬಣ್ಣದ ಡಬ್ಬಿಗಳನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬಂದೆ. ಸಾಬರನ್ನು ಒಂದು ಮಾತು ಕೇಳಿರಲಿಲ್ಲ. ಅದು ನನ್ನ ತಪ್ಪು ಎಂದು ಈಗ ಒಪ್ಪುತ್ತೇನೆ. ಆಗ ಯಾರಾದರೂ ಹೇಳಿದ್ದರೆ ಜಗಳಕ್ಕೇ ಬೀಳುತ್ತಿದ್ದೆ.

ಸಾಬರು ಚೌಕಟ್ಟಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಡಬ್ಬಿಗೆ ಹಾಕಿ, ಕಂಕುಳಲ್ಲಿ ಇಟ್ಟುಕೊಂಡರು. "ಒಳ್ಳೇದಾಯ್ತು ಮಾರಾಯ. ಇನ್ನು ನಂಗೂ ಆರಾಮ" ಎಂದು ಮನೆಗೆ ಹೋದವರು ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಅಷ್ಟರಲ್ಲಿ ಎನ್.ಆರ್.ಪುರದ ಸಂಘವೊಂದರ ವಾರ್ಷಿಕೋತ್ಸವಕ್ಕೆ ನಲವತ್ತು ಬ್ಯಾನರು ಒಪ್ಪಿಕೊಂಡಿದ್ದೆ. ಭಾನುವಾರಕ್ಕೆ ಕಟ್ಟಿ ಮುಗಿಸಬೇಕು. ಸಾಬರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲಿಗೆ ಬಂದು "ಅವರು ಮನೇಲಿಲ್ಲ" ಎಂದರು. ಒಳಗಿನಿಂದ ಸಾಬರ ಕೆಮ್ಮು ಕೇಳುತ್ತಿತ್ತು.

"ಹಾಗಾದ್ರೆ ಕೆಮ್ತಿರೋದು ಯಾರು?"

"ಕೆಮ್ಮು ಅವರದೇ. ಅವರಿಲ್ಲ ಅಷ್ಟೆ" ಎಂದು ನಗು ತಡೆದುಕೊಂಡು ಬಾಗಿಲು ಮುಚ್ಚಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಇವರಿಲ್ಲದೆ ನಡೆಯುವುದಿಲ್ಲವೇ ಎಂದು ಅಕ್ಷರ ನಾನೇ ಬರೆದೆ, ನಾನೇ ಕತ್ತರಿಸಿದೆ. ಪಟ್ಟಿಯ ಇನ್ನೊಂದು ತುದಿ ಹಿಡಿಯಲು ಪಕ್ಕದ ಅಂಗಡಿಯ ಹುಡುಗನನ್ನು ಕರೆದು, ಹಳೆಯ ಬಟ್ಟೆಯ ಮೇಲೆ ಒಂದು ಬ್ಯಾನರು ಹೊಡೆದು ಅಂಗಡಿಯ ಮುಂದೆ ಒಣಗಲು ಕಟ್ಟಿದೆ. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಹೋಗುತ್ತಿದ್ದ ಸಾಬರು ಅದರ ಮುಂದೆ ನಿಂತುಬಿಟ್ಟರು.

"ಎಂತ ಮಾರಾಯ ಇದು? ಅಕ್ಷರವೆಲ್ಲ ಹೊಟ್ಟೆನೋವು ಬಂದವರ ಹಾಗೆ ಮುದುರಿ ಕೂತಿದ್ದಾವಲ್ಲ?"

"ಕೂತ್ಕೊಳ್ಲಿ ಬಿಡಿ. ನಿಮಗೇನು?"

"ಒಂದು ಬೋರ್ಡಾದ್ರೆ ಒಂದು ಅಂಗಡಿ ಮುಂದೆ ನಗ್ತಾರೆ. ಇದನ್ನ ನಲವತ್ತು ಹೊಡೆದು ದಾರಿಯುದ್ದಕ್ಕೂ ನಗಿಸ್ತೀಯಾ?"

"ನೀವೇ ಬರೋದಿಲ್ಲ ಅಂದ್ರಿ."

"ನಾನೆಲ್ಲಿ ಅಂದೆ? ನೀನು ಕೇಳ್ಲೇ ಇಲ್ಲ" ಎಂದರು ಮೆಲ್ಲಗೆ.

ನಾನು ಆ ಬಟ್ಟೆಯನ್ನು ಬಿಚ್ಚಿ ಕೆಳಗಿಳಿಸಿದೆ. "ಈಗ ಕೇಳ್ತಿದ್ದೇನೆ ಸಾಬ್ರೇ, ಬನ್ನಿ" ಎಂದೆ.

"ಈ ನಲವತ್ತು ಮುಗೀಲಿ. ಆಮೇಲೆ ನಾನಿರಬೇಕಾ ಬೇಡ್ವಾ ನೋಡುವ."

ಸಂಜೆಯೊಳಗೆ ಅವರು ಹಾಳೆಯ ಮೇಲೆ ಬರೆದು, ಬ್ಲೇಡಿನಿಂದ ಕತ್ತರಿಸಿ ಕೊಟ್ಟರು. ಶನಿವಾರವಿಡೀ ಮೇಜಿನ ಆ ಕಡೆ ಅವರು, ಈ ಕಡೆ ನಾನು. ಅಷ್ಟು ಅಗಲದ ಚೌಕಟ್ಟಿನಲ್ಲಿ ಪಟ್ಟಿ ಎಳೆಯಲು ಇಬ್ಬರು ಬೇಕೇ ಬೇಕು. ಮೂವತ್ತೊಂಬತ್ತು ಮುಗಿಯುವಾಗ ಬಲೆ ಮೂಲೆಯಿಂದ ಪರ್ರನೆ ಹರಿಯಿತು. ಚೌಕಟ್ಟಿಗೆ ಮೊಳೆ ಹೊಡೆದು ಬಲೆ ಬಿಗಿದವನು ನಾನೇ, ಬೈಯಲು ಬೇರೆ ಯಾರೂ ಸಿಗಲಿಲ್ಲ. ಸಾಬರು ಡಬ್ಬಿಯಿಂದ ಬ್ರಷ್ಷು ತೆಗೆದು ನಲವತ್ತನೆಯದನ್ನು ಕೈಯಲ್ಲೇ ಬರೆದರು.

ಭಾನುವಾರ ಎನ್.ಆರ್.ಪುರಕ್ಕೆ ಇಬ್ಬರೂ ಹೋದೆವು. ಸಂಘದ ಹುಡುಗರು ಪೇಟೆಯ ಉದ್ದಕ್ಕೂ ಬ್ಯಾನರುಗಳನ್ನು ಕಟ್ಟಿದರು. ಚಹಾ ಕುಡಿದು ಹೊರಗೆ ಬಂದಾಗ ಸಾಬರು ಕೇಳಿದರು, "ಇದ್ರಲ್ಲಿ ನಾನು ಕೈಯಲ್ಲಿ ಬರೆದಿದ್ದು ಯಾವ್ದು ಹೇಳು."

ನಾನು ಪೇಟೆಯ ಆ ತುದಿಯಿಂದ ಈ ತುದಿಗೆ ನಡೆದೆ. ಕತ್ತು ನೋವು ಬಂತು. ಸುಳ್ಳು ಹೇಳಿ ಯಾವುದಾದರೂ ಒಂದನ್ನು ತೋರಿಸೋಣ ಎನಿಸಿತು, ಮನಸ್ಸು ಬರಲಿಲ್ಲ. ಗೊತ್ತಾಗಲಿಲ್ಲ ಎಂದರೆ ಈ ಮನುಷ್ಯ ಡಬ್ಬಿ ಎತ್ತಿಕೊಂಡು ಹೋಗಿಯೇಬಿಡುತ್ತಾರೆ ಎಂದು ನಿಜವಾಗಿಯೂ ಹೆದರಿದ್ದೆ.

"ಗೊತ್ತಾಗ್ತಿಲ್ಲ ಸಾಬ್ರೇ" ಎಂದೆ.

ಅವರು ತಲೆಯೆತ್ತಿ ಪೇಟೆಯನ್ನೆಲ್ಲ ಒಮ್ಮೆ ನೋಡಿದರು. "ಹಾಗಾದ್ರೆ ನಲವತ್ತೂ ನಂದೇ ಆಯ್ತಲ್ಲ ಮಾರಾಯ" ಎಂದರು.

ಸೋಮವಾರ ನಾನು ಅಂಗಡಿಗೆ ಹೋಗುವಷ್ಟರಲ್ಲಿ ಅವರು ನನ್ನ ಮೊಳೆಗಳನ್ನೆಲ್ಲ ಕಿತ್ತುಹಾಕಿ, ಚೌಕಟ್ಟಿಗೆ ಹೊಸ ಬಲೆ ಬಿಗಿಯುತ್ತ ಕೂತಿದ್ದರು.