ಮೂರು ತೋಟೆ, ಒಂದು ಭುಜ

ಆಗ ನನಗೆ ಅರವತ್ತಾರು ವರ್ಷ, ಈಗ್ಗೆ ಐದು ವರ್ಷದ ಹಿಂದೆ. ಆ ವಯಸ್ಸಿಗೆ ನಮ್ಮ ಕಡೆಯ ಹೆಂಗಸರು ಜಪಸರ ಹಿಡಿದು ಕೂರುತ್ತಾರೆ. ನಾನು ಕೋವಿಯ ತೋಟೆ ಹಿಡಿದು ಕೂತಿದ್ದೆ. ಅದೂ ಒಂದಲ್ಲ, ಮೂರು. ಅರಬ್ಬರ ನಾಡಿನಲ್ಲಿ, ನಾನು ಅಡುಗೆಗಿದ್ದ ಅಲ್ ರಯ್ಯಾನಿನ ಒಂದು ದೊಡ್ಡ ಮನೆಯ ಅಡುಗೆಕೋಣೆಯಲ್ಲಿ, ಮೀನು ಕೊಯ್ಯುವ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿಕೊಂಡು.

ಹೆದರಬೇಡಿ, ಮದ್ದಿಲ್ಲದವು. ಅಂಗಡಿಯವರು ತೋರಿಸಲಿಕ್ಕೆ ಕೊಟ್ಟ ಮಾದರಿಗಳು, ಹೊಟ್ಟೆಗೆ ತೂತು ಕೊರೆದಿದ್ದರು. ಗಂಡಸರು ಕೂರುವ ಮಜ್ಲಿಸಿನಿಂದ ಖರ್ಜೂರದ ತಟ್ಟೆಯ ಜೊತೆ ತಪ್ಪಿ ಒಳಗೆ ಬಂದಿದ್ದವು. ಮನೆಯ ಯಜಮಾನರನ್ನು ಕೆಲಸದವರೆಲ್ಲ ಬಾಬಾ ಎನ್ನುತ್ತಿದ್ದೆವು. ಎಪ್ಪತ್ತು ದಾಟಿದ ಮನುಷ್ಯ. ಹುಟ್ಟಿದಾಗಿನಿಂದ ಗಿಡುಗ ಬಿಟ್ಟು ಹಕ್ಕಿ ಹಿಡಿದೇ ಗೊತ್ತು, ಕೋವಿ ಗೊತ್ತಿಲ್ಲ. ಈಗ ತಮ್ಮಂದಿರ ಜೊತೆ ಯಾವುದೋ ಚಳಿ ದೇಶಕ್ಕೆ ಜಿಂಕೆ ಬೇಟೆಗೆ ಹೊರಟಿದ್ದರು. ಕೋವಿ ಕೊಳ್ಳುವ ಮೊದಲು ಯಾವ ತೋಟೆ ಎಂದು ನಿಶ್ಚಯಿಸಬೇಕಂತೆ. ಸಂಜೆ ಅಂಗಡಿಗೆ ಮಾತು ಕೊಡಬೇಕಿತ್ತು.

ತೋಟೆಗಳಿಗೆ ಬಸ್ಸಿನ ಹಾಗೆ ನಂಬರು. ಒಂದು ಇನ್ನೂರ ನಲವತ್ತಮೂರು, ಇನ್ನೊಂದು ಮುನ್ನೂರ ಎಂಟು, ಮೂರನೆಯದು ಮುನ್ನೂರು ಮ್ಯಾಗ್ನಮ್. ನಾನು ಓದಿದ್ದು ಮೂರನೇ ಕ್ಲಾಸು. ನಂಬರು ಬಿಟ್ಟು ಮೈ ನೋಡಿದೆ. ಮೊದಲಿನ ಎರಡೂ ಒಂದೇ ತಾಯಿಯ ಮಕ್ಕಳು, ಮೈ ಒಂದೇ, ಕತ್ತು ಮಾತ್ರ ಬೇರೆ. ಒಂದರದ್ದು ಸಪೂರ, ಇನ್ನೊಂದರದ್ದು ದಪ್ಪ. ಮ್ಯಾಗ್ನಮ್ ಬೇರೆಯೇ ಜಾತಿ. ಉದ್ದ, ಸೊಕ್ಕು, ಬುಡಕ್ಕೆ ಪೈಲ್ವಾನನ ಹಾಗೆ ಒಂದು ಪಟ್ಟಿ. ಹಿರಿಯ ಮಗ ಖಾಲಿದನಿಗೆ ಅದೇ ಆಗಬೇಕಿತ್ತು. ಕಾರಿಗೆ ದೊಡ್ಡ ಎಂಜಿನ್ ಇದ್ದಷ್ಟೂ ಒಳ್ಳೆಯದು ಎಂದು ನಂಬಿದ ಮನೆ ಅದು, ತೋಟೆಗೆ ಬೇರೆ ನ್ಯಾಯ ಎಲ್ಲಿಂದ ಬರಬೇಕು? ಗಿಡುಗ ಎಷ್ಟು ಜೋರಾಗಿ ಎರಗಿದರೂ ಬಿಟ್ಟವನ ಮೈಗೆ ಪೆಟ್ಟಿಲ್ಲ. ಕೋವಿ ಹಾಗಲ್ಲ. ಮುಂದೆ ಎಷ್ಟು ಹೊಡೆಯುತ್ತದೋ ಹಿಂದಕ್ಕೂ ಅಷ್ಟು ಒದೆಯುತ್ತದೆ.

ನನಗೆ ಆ ಒದೆತದ್ದೇ ಚಿಂತೆ. ಬಾಬಾರ ಬಲಭುಜ ಹೋಗಿತ್ತು. ಆ ಮನೆಯಲ್ಲಿ ಅದು ಗೊತ್ತಿದ್ದದ್ದು ಇಬ್ಬರಿಗೆ, ಅವರಿಗೆ ಮತ್ತು ನನಗೆ. ಐದು ತಿಂಗಳ ಹಿಂದೆ, ರಂಜಾನಿನಲ್ಲಿ ಒಂದು ದಿನ ಮೇಲಿನ ಕಪಾಟಿನಿಂದ ತುಪ್ಪದ ಡಬ್ಬಿ ತೆಗೆಯಲು ಕೈ ಎತ್ತಿದರು. ಕೈ ಎದೆಮಟ್ಟಕ್ಕೆ ಬಂದು ನಿಂತಿತು, ಮುಖ ಬೂದಿ. ನಾನು ನೋಡಿದ್ದನ್ನು ನೋಡಿ "ಮಾಫಿ ಕಲಾಂ" ಎಂದರು. ಮಾತಾಡಬೇಡ ಎಂದರ್ಥ. ಹಿಂದಿನ ವರ್ಷ ಮಕ್ಕಳು ಕಣ್ಣಿನ ನೆಪದಲ್ಲಿ ಕಾರಿನ ಕೀಲಿ ಕಿತ್ತುಕೊಂಡಿದ್ದರು. ಭುಜದ ಸುದ್ದಿ ಸಿಕ್ಕಿದರೆ ಬೇಟೆ ಬಂದ್, ಆಮೇಲೆ ಗಿಡುಗಗಳೂ ಬಂದ್. ನನ್ನ ವಯಸ್ಸು ಮೀರಿದ್ದರೂ ವರ್ಷ ವರ್ಷ ವೀಸಾ ಹೊಸದು ಮಾಡಿಸುತ್ತಿದ್ದದ್ದು ಅದೇ ಬಾಬಾ. ಬಾಯಿ ಬಿಟ್ಟರೆ ಅವರ ಮಾನ ಹೋಗುತ್ತದೆ, ನನ್ನ ಅನ್ನವೂ ಹೋಗಬಹುದು. ಬಿಡದಿದ್ದರೆ ಮ್ಯಾಗ್ನಮ್ಮಿನ ಮೊದಲ ಈಡಿಗೇ ಭುಜ ಖಲಾಸ್.

ಕೋವಿಯ ವಿಷಯ ಅಡುಗೆಯವಳಿಗೆ ಹೇಗೆ ಗೊತ್ತು ಎನ್ನುತ್ತೀರಿ. ನನ್ನ ಅಪ್ಪ ಕಾರ್ಕಳ ಕಡೆಯ ಈಡುಗಾರ. ಬೇಟೆಗೆ ಇನ್ನೂ ಕಾನೂನು ಅಡ್ಡ ಬರದಿದ್ದ ಕಾಲ. ಹೊಡೆದವನಿಗೆ ಒಂದು ಪಾಲು, ಕಾಡು ಸೋವಿ ಪ್ರಾಣಿ ಎಬ್ಬಿಸಿದವರಿಗೆ ಒಂದು, ನಾಯಿಗೂ ಒಂದು. ಗುಂಡು ತಾಗಿ ನೆತ್ತರು ಹೆಪ್ಪುಗಟ್ಟಿದ ಮಾಂಸ ಮಾತ್ರ ಹೊಡೆದವನ ಪಾಲಿಗೇ ಬೀಳಬೇಕು ಎಂದು ಕಟ್ಟಳೆ. ಈಡು ದೊಡ್ಡದು ಹಾಕಿದಷ್ಟೂ ನಿನ್ನ ಮಡಕೆಗೇ ನಷ್ಟ. ಒಂದು ಸಲ ಅಪ್ಪ ಮದ್ದು ಜಾಸ್ತಿ ತುಂಬಿದ, ಕೋವಿ ಹೆಗಲಿಗೆ ಒದೆಯಿತು. ಮುಂದಿನ ಸಲ ಕೋವಿಯ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿದ. ಗುಂಡು ಜಿಂಕೆಯ ಹೊಟ್ಟೆಗೆ ಬಿತ್ತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಯಾರೂ ಅಪ್ಪನಿಗೆ ಬೈಯಲಿಲ್ಲ. ಕೋವಿಯನ್ನು ಮಾತ್ರ ಬೇರೆಯವನ ಕೈಗೆ ಕೊಟ್ಟರು.

ಆ ಮಧ್ಯಾಹ್ನ ಡ್ರೈವರ್ ಹಮೀದನ ಹತ್ತಿರ, ತೋಟೆ ವಿಷಯಕ್ಕೆ ನಾನೇ ಬಾಯಿ ಹಾಕುತ್ತೇನೆ ಎಂದೆ. ಉಪ್ಪಿನಂಗಡಿಯವನು, ನಾಲಿಗೆ ಚೂಪು.

"ಹಾಕಿ, ಬಾಯಮ್ಮ. ನಿಮ್ಮ ಪೆಟ್ಟಿಗೆಯನ್ನು ಈಗಲೇ ಕಾರಿಗೆ ಹಾಕ್ಲಾ, ನಾಳೆ ಹಾಕ್ಲಾ?"

"ನೀನು ಮೊದಲು ಕಾರು ತೊಳಿ ಮಾರಾಯ" ಎಂದು ಕಾವಾ ಎನ್ನುವ ಅರಬ್ಬಿ ಕಾಫಿ ತುಂಬಿದ ಕೂಜ ಎತ್ತಿಕೊಂಡು ಮಜ್ಲಿಸಿಗೆ ನಡೆದೆ. ತೋಟೆಗಳನ್ನೂ ತಟ್ಟೆಯಲ್ಲಿಟ್ಟುಕೊಂಡೆ.

ಖಾಲಿದ್ ಮ್ಯಾಗ್ನಮ್ಮಿನ ಗುಣಗಾನದಲ್ಲಿದ್ದ. ಎಷ್ಟು ದೂರಕ್ಕೂ ತಾಗುತ್ತದಂತೆ, ಬಿದ್ದ ಜಿಂಕೆ ಮತ್ತೆ ಏಳುವುದಿಲ್ಲವಂತೆ, ಚಿಕ್ಕಪ್ಪನ ಹತ್ತಿರ ಇರುವುದೂ ಅದೇ ಅಂತೆ. ಕೊನೆಯ ಮಾತಿಗೆ ಬಾಬಾ ತಲೆಯಾಡಿಸಿದರು. ತಮ್ಮನ ಕೋವಿಗಿಂತ ಚಿಕ್ಕದು ಹಿಡಿಯುವುದಕ್ಕಿಂತ ಮೂಳೆ ಮುರಿಯುವುದೇ ವಾಸಿ ಎನ್ನುವ ಗಂಡಸರು ನಮ್ಮೂರಲ್ಲೂ ಇದ್ದಾರೆ.

"ಆ ಪಟ್ಟಿಯದ್ದು ಬೇಡ ಬಾಬಾ" ಎಂದೆ. "ಅರ್ಧ ಮಾಂಸ ಬಿಸಾಡಬೇಕಾಗುತ್ತದೆ. ಸಪೂರ ಕತ್ತಿನದ್ದು ಸಾಕು, ಸರಿಯಾದ ಜಾಗಕ್ಕೆ ಬಿದ್ದರೆ ಜಿಂಕೆ ನಂಬರು ಕೇಳುವುದಿಲ್ಲ."

"ಲೂಸಿ, ಅಡುಗೆ ನಿನ್ನದು, ಕೋವಿ ನಮ್ಮದು. ಯಲ್ಲಾ, ನಡಿ" ಎಂದು ಖಾಲಿದ್ ನಕ್ಕ. ಆಮೇಲೆ ನಗು ನಿಲ್ಲಿಸಿ ಅಪ್ಪನ ಕಡೆ ತಿರುಗಿದ. "ಒದೆತಕ್ಕೆ ಹೆದರಿಕೆಯಾ ಬಾಬಾ?" ಗೋಡೆಗೆ ಒರಗಿಸಿದ್ದ ಬೆತ್ತ ತೆಗೆದು, ಕೋವಿಯೆಂದು ತಿಳಿದು ಹೆಗಲಿಗೆ ಹಿಡಿದು ತೋರಿಸಿ ಎಂದು ಕೊಟ್ಟ.

ಬಾಬಾ ನನ್ನನ್ನು ನೋಡಿದರು. ನಾನು ಕೂಜ ಕೆಳಗಿಟ್ಟೆ. ಈಗ ಬಲಗೈ ಏಳಬೇಕು, ಅದು ಏಳುವುದಿಲ್ಲ, ಖಾಲಿದ್ ದಡ್ಡನಲ್ಲ. ಬಾಬಾ ಬೆತ್ತ ತೆಗೆದುಕೊಂಡು ನಿಧಾನವಾಗಿ ಎಡಭುಜಕ್ಕೆ ಒತ್ತಿದರು. ಬೆತ್ತದ ಮುಂದಿನ ತುದಿ ಹಿಡಿಯಬೇಕಾದ ಬಲಗೈ ಎದೆಯವರೆಗೆ ಬಂದು ಅಲ್ಲೇ ನಿಂತಿತು.

"ಅದು ತಪ್ಪು ಭುಜ" ಎಂದ ಖಾಲಿದ್.

"ತಪ್ಪೇನಿಲ್ಲ. ನನ್ನ ಅಪ್ಪನೂ ಎಡಭುಜದ ಈಡುಗಾರ" ಎಂದೆ.

ಬಾಬಾ ಬೆತ್ತ ಇಳಿಸಿದರು. "ಗಿಡುಗ ಇಷ್ಟು ವರ್ಷ ಕೂತದ್ದು ಈ ಕೈಯ ಮೇಲೆ. ಕೋವಿಯೂ ಇಲ್ಲೇ ಕೂರಲಿ. ಎಡಗೈಯ ಕೋವಿ, ಸಪೂರ ಕತ್ತಿನ ತೋಟೆ. ಮಾಂಸ ಹಾಳು ಮಾಡಲಿಕ್ಕೆ ನಾನು ಅಲ್ಲಿಗೆ ಹೋಗುವುದಿಲ್ಲ. ಖಲಾಸ್."

ಖಾಲಿದ್ ಮ್ಯಾಗ್ನಮ್ಮನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಫೋನು ಮಾಡಿದ. ಆಗ ನನಗೆ ಹೊಳೆದದ್ದು ಇಷ್ಟೇ. ಜನ ತೋಟೆಯ ಮುಂದೆ ತೋಟೆ ಇಟ್ಟು ಅಳೆಯುತ್ತಾರೆ, ಜಿಂಕೆಯನ್ನೂ ಅಳೆಯುತ್ತಾರೆ. ಅಳೆಯಬೇಕಾದ್ದು ಹೊಡೆಯುವವನನ್ನು. ಅದೊಂದನ್ನು ಯಾವ ಅಂಗಡಿಯವನೂ ಗಿರಾಕಿಯ ಮುಖ ನೋಡಿ ಹೇಳಲಾರ.

ಸ್ವಲ್ಪ ಹೊತ್ತಿನ ಮೇಲೆ ಬಾಬಾ ಅಡುಗೆಕೋಣೆಯ ಬಾಗಿಲಿಗೆ ಬಂದರು.

"ನಿನ್ನ ಅಪ್ಪ ನಿಜವಾಗಿ ಎಡಭುಜದವನಾ?"

"ಅಲ್ಲ. ಬಲಭುಜವೇ."

ಅವರು ಮೀಸೆಯಲ್ಲೇ ನಕ್ಕರು. ನಾನು ನಗಲಿಲ್ಲ, ಅಕ್ಕಿ ಆರಿಸುತ್ತಿದ್ದೆ. "ಬೆತ್ತಕ್ಕೆ ಸುಳ್ಳು ನಡೆಯಿತು, ಕೋವಿಗೆ ನಡೆಯುವುದಿಲ್ಲ. ಮುಂದೆ ಹಿಡಿಯಲಿಕ್ಕೆ ಬಲಗೈಯೂ ಏಳಬೇಕು. ನಾಳೆ ಬೆಳಿಗ್ಗೆ ಮೂಳೆ ಡಾಕ್ಟರ ಹತ್ತಿರ ಹೋಗಬೇಕು. ಇಲ್ಲದಿದ್ದರೆ ನಾನು ಮಾಮಾಗೆ ಹೇಳುತ್ತೇನೆ" ಎಂದೆ. ಮಾಮಾ ಎಂದರೆ ಅವರ ಹೆಂಡತಿ.

"ನನ್ನನ್ನು ಹೆದರಿಸುತ್ತೀಯಾ?"

"ಹೌದು."

ಅವರು ತಿರುಗಿ ಹೊರಟುಹೋದರು. ಪೆಟ್ಟಿಗೆ ಕಟ್ಟಬೇಕೋ ಬೇಡವೋ ಎಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಹಮೀದ್ ಕಾರು ತಂದು ನಿಲ್ಲಿಸಿದ. ಹಿಂದೆ ಬಾಬಾ, ಮುಂದೆ ನಾನು. ಬಿನ್ ಒಮ್ರಾನಿನ ಒಂದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಕೇರಳದವರು. ನೋವು ಎಷ್ಟು ದಿನದಿಂದ ಎಂದು ಕೇಳಿದರು. ಬಾಬಾ ಗೋಡೆ ನೋಡುತ್ತಾ, ಒಂದು ವಾರದಿಂದ ಎಂದರು.

ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ನನಗೆ ಬರುವಷ್ಟು ಮಲಯಾಳದಲ್ಲಿ, "ರಂಜಾನಿನಿಂದ" ಎಂದೆ.