ಪಾನದಾನದೊಳಗಿನ ಗುಂಡು

ಸೂಜಿ-ದಾರದ ಡಬ್ಬಿಯಲ್ಲಿ ಕೈಯಾಡಿಸುವಾಗ ಅದು ಬೆರಳಿಗೆ ಸಿಕ್ಕಿತು. ಬೂದು ಬಣ್ಣದ ರಬ್ಬರಿನ ಗುಂಡು. ನೆಲ್ಲಿಕಾಯಿಗಿಂತ ಚಿಕ್ಕದು, ಆದರೆ ಅಂಗೈಯಲ್ಲಿಟ್ಟರೆ ಇಷ್ಟು ಸಣ್ಣದಕ್ಕೆ ಇಷ್ಟು ಭಾರವೇ ಎನ್ನಿಸುತ್ತದೆ; ಒಳಗೆ ಕಬ್ಬಿಣವಿದೆ. ಹಳೆಯ ಕಂಪ್ಯೂಟರಿನ ಮೌಸಿನ ಹೊಟ್ಟೆಯಲ್ಲಿ ಉರುಳುತ್ತಿದ್ದ ಗುಂಡು ಅದು. ಮೂಗಿನ ಹತ್ತಿರ ತಂದೆ. ಲವಂಗದ ವಾಸನೆ... ಇಷ್ಟು ವರ್ಷದ ಮೇಲೂ ಉಳಿದಿರಲು ಸಾಧ್ಯವೇ? ವಾಸನೆ ಗುಂಡಿನಲ್ಲಿದೆಯೋ ನನ್ನ ಮೂಗಿನಲ್ಲಿದೆಯೋ ಖಚಿತವಾಗಿ ಹೇಳಲಾರೆ.

ನಾರಾಯಣಪೇಟೆಯ ಹಳೆ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನೆಟ್ ಸೆಂಟರ್ ನಡೆಸುತ್ತಿದ್ದ ಅಕ್ಕ ಕೊಟ್ಟದ್ದು ಇದು. ನನಗೆ ಆಕೆ ಸಂಬಂಧಿಯಲ್ಲ, ಓಣಿಗೆಲ್ಲ ಅಕ್ಕ. ತವರು ಗದ್ವಾಲ್. ಮಾವನ ಕಾಲದಲ್ಲಿ ಸೀರೆ ಅಂಗಡಿಯಾಗಿದ್ದ ಮುಂದಿನ ಕೋಣೆಯಲ್ಲಿ ನಾಲ್ಕೈದು ಕಂಪ್ಯೂಟರ್ ಇಟ್ಟಿದ್ದಳು. ಒಂದೊಂದಕ್ಕೂ ಪ್ಲೈವುಡ್ಡಿನ ಗೂಡು, ಗೂಡಿಗೊಂದು ಪರದೆ. ಮಾರಾಟವಾಗದೆ ಉಳಿದ ಚೌಕಳಿ ಸೀರೆಗಳನ್ನೇ ಹರಿದು ಹೊಲಿದ ಪರದೆಗಳು.

ಊರಿಗೆ ಇಂಟರ್ನೆಟ್ ಬಂದ ಹೊಸತರಲ್ಲಿ ಅದು ಟೆಲಿಫೋನಿನ ತಂತಿಯಲ್ಲೇ ಬರುತ್ತಿತ್ತು. ಸಣ್ಣ ಪೆಟ್ಟಿಗೆಯೊಂದು ಮೊದಲು ಕೀರಲು ದನಿ ತೆಗೆದು, ಆಮೇಲೆ ಗೊರಗೊರ ಎಂದು, ಗಂಟಲು ಸರಿಮಾಡಿಕೊಂಡು ಸುಮ್ಮನಾಗುತ್ತಿತ್ತು. ನಾನಾಗ ಕನ್ನಡ ಶಾಲೆಯ ಹುಡುಗಿ. ಆ ಸದ್ದು ಕೇಳಲೆಂದೇ ಕಟ್ಟೆಯ ಮೇಲೆ ನಿಲ್ಲುತ್ತಿದ್ದೆ. ಇನ್ನೇನು ಸಿಕ್ಕಿತು ಎನ್ನುವಾಗ ಒಳಮನೆಯಲ್ಲಿ ಆಕೆಯ ಅತ್ತೆ ಬೀಗರ ಜೊತೆ ಮಾತಾಡಲು ಫೋನ್ ಎತ್ತುತ್ತಿದ್ದರು. ನೆಟ್ ಹೋಗುತ್ತಿತ್ತು.

"ಅತ್ತೀ, ಅಮೇರಿಕಾ ಬಾಗಿಲಿಗಿ ಬಂದಿತ್ತು, ನೀವು ಅಟ್ಟಿ ಕಳಿಸಿದ್ರಿ!" ಎಂದು ಅಕ್ಕ ಇಲ್ಲಿಂದ ಕೂಗುತ್ತಿದ್ದಳು.

"ಬರಬೇಕು ಅನ್ನೋರು ಇನ್ನೊಮ್ಮಿ ಬರ್ತಾರ ಬಿಡವ್ವ," ಎಂದು ಅತ್ತೆ ಅಲ್ಲಿಂದ.

ಮೌಸಿನ ಗುಂಡುಗಳು ಕಳುವಾಗುತ್ತಿದ್ದವು. ಗೋಲಿಯಾಟಕ್ಕೆ ಅದಕ್ಕಿಂತ ಒಳ್ಳೆಯದು ಊರಲ್ಲೇ ಇರಲಿಲ್ಲ. ಅದಕ್ಕೆ ಅಕ್ಕ ಎಲ್ಲ ಗುಂಡುಗಳನ್ನೂ ತೆಗೆದು ಅತ್ತೆಯ ಹಿತ್ತಾಳೆಯ ಪಾನದಾನದಲ್ಲಿಟ್ಟಳು. ಹಲ್ಲು ಹೋದ ಮೇಲೆ ಅತ್ತೆ ಎಲೆ ಅಡಿಕೆ ಬಿಟ್ಟಿದ್ದರು; ಪಾನದಾನ ಖಾಲಿಯಿತ್ತು. ಸುಣ್ಣ, ಕಾಚು, ಅಡಿಕೆ, ಲವಂಗ ಇಡುತ್ತಿದ್ದ ಪುಟ್ಟ ಬಟ್ಟಲುಗಳಲ್ಲಿ ಈಗ ಒಂದೊಂದು ಗುಂಡು. ಬಂದವರು ಮೊದಲು ಅದನ್ನು ಕೇಳಿ ಪಡೆಯಬೇಕು. "ಅಕ್ಕಾ, ಗುಂಡು ಕೊಡ್ರಿ." ತೆಲುಗಿನವರು, "ಅಕ್ಕಾ, ಗುಂಡು ಇವ್ವಂಡಿ." ಸೆರಗಿನ ತುದಿಯಿಂದ ಒರೆಸಿ, ಪ್ರಸಾದದಂತೆ ಅಂಗೈಗೆ ಹಾಕುತ್ತಿದ್ದಳು. ಎದ್ದು ಹೋಗುವಾಗ ತಿರುಗಿ ಕೊಡಬೇಕು. ಬೇರೆ ಊರಿನಿಂದ ಬಂದವರು ಇದನ್ನು ನೋಡಿ ನಗುತ್ತಿದ್ದರು. ನಮಗೆ ಅದು ನಗುವ ವಿಷಯವಾಗಿರಲಿಲ್ಲ.

ನನಗೆ ಮಾತ್ರ ಯಾವಾಗಲೂ ಲವಂಗದ ಬಟ್ಟಲಿನ ಗುಂಡು. ಫ್ಯಾನಿನ ಕೆಳಗಿನ ಗೂಡಿನದು. ಕೇಳುವ ಮೊದಲೇ ತೆಗೆದಿಟ್ಟಿರುತ್ತಿದ್ದಳು... ಹೌದು, ಹಾಗೆಯೇ ನನಗೆ ನೆನಪು.

ಹೈದರಾಬಾದಿಗೆ ಎಂ.ಎ. ಇತಿಹಾಸ ಓದಲು ಹೋದೆ. ಪ್ರತ್ಯೇಕ ರಾಜ್ಯಕ್ಕಾಗಿ ಚಳವಳಿ ಜೋರಾಗಿ, ವಿಶ್ವವಿದ್ಯಾಲಯ ಮುಚ್ಚಿ, ಹಾಸ್ಟೆಲ್ ಖಾಲಿ ಮಾಡಿಸಿದರು. ಊರಿಗೆ ಬಂದವಳು ಬ್ಯಾಗು ಇಟ್ಟು ಸೀದಾ ನೆಟ್ ಸೆಂಟರಿಗೆ ಹೋದೆ. ಫ್ಯಾನಿನ ಕೆಳಗೆ ಬೇರೊಬ್ಬಳು ಕೂತಿದ್ದಳು.

ಧನ್ವಾಡದಿಂದ ಬಂದು ಇಲ್ಲಿ ಟೀಚರ್ ತರಬೇತಿ ಓದುತ್ತಿದ್ದ ಹುಡುಗಿ. ನನ್ನಷ್ಟೇ ವಯಸ್ಸು. ಮನೆಯಲ್ಲಿ ಕನ್ನಡ, ಓದಿದ್ದೆಲ್ಲ ತೆಲುಗು. ಅಕ್ಕನ ಬಾಯಲ್ಲಿ ಆಕೆ "ನಮ್ಮ ಧನ್ವಾಡದಾಕಿ". ಆ "ನಮ್ಮ" ನನಗೆ ಅಂದೇ ಚುಚ್ಚಿತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆಕೆಯ ಸಲಿಗೆ. "ಅಕ್ಕಾ, ಗುಂಡು ಕೊಡು" ಎನ್ನುತ್ತಿದ್ದಳು. ಕೊಡು! ಇಷ್ಟು ವರ್ಷ ನಾನು "ಕೊಡ್ರಿ" ದಾಟಿರಲಿಲ್ಲ. ಅಕ್ಕ ಆಕೆಯ ಗೂಡಿನ ಪರದೆ ಸರಿಸಿ ಏನೋ ಹೇಳಿ ನಕ್ಕರೆ, ನನ್ನ ಮಾನಿಟರಿನ ಅಕ್ಷರಗಳು ನನಗೆ ಕಾಣುತ್ತಿರಲಿಲ್ಲ. ಏನು ಹೇಳಿದಳು? ನನ್ನ ಬಗ್ಗೆಯೇ? ಅಷ್ಟು ನಗುವಂಥದ್ದು ನಮ್ಮ ಊರಲ್ಲಿ ಏನಿತ್ತು?

ನನ್ನ ಸಮಾಧಾನಕ್ಕೆ ಒಂದು ಗುಟ್ಟಿತ್ತು. ಬಂದ್ ದಿನಗಳಲ್ಲಿ ಅಂಗಡಿಯ ಬಾಗಿಲು ಎಳೆದಿರುತ್ತಿತ್ತು. ಅಂಥ ಒಂದು ಬಂದ್‌ನ ಹಿಂದಿನ ದಿನ ಅಕ್ಕ ನನ್ನ ಕಿವಿಯಲ್ಲಿ, "ನೀ ಹಿತ್ತಲದಾಗಿಂದ ಬಾ, ಅಡಿಗಿ ಮನಿ ಬಾಗಿಲು ತೆರದಿರ್ತೈತಿ. ಯಾರಿಗೂ ಹೇಳಬ್ಯಾಡ," ಅಂದಿದ್ದಳು. ನನಗೊಂದು ಸಂಶೋಧನಾ ಅರ್ಜಿ ಕಳಿಸುವುದಿತ್ತು, ಬಂದ್ ದಿನವೇ ಕೊನೆ. ಓಣಿಯ ಕೊನೆಯಲ್ಲಿ ಘೋಷಣೆ ಕೂಗುತ್ತಿದ್ದರು. ನಾನು ತುಳಸಿ ಕಟ್ಟೆ ಸುತ್ತಿ, ಬಚ್ಚಲು ದಾಟಿ, ಅಡಿಗೆ ಮನೆಗೆ ಕಾಲಿಟ್ಟೆ.

ಧನ್ವಾಡದಾಕಿ ಮಣೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

ನನ್ನನ್ನು ನೋಡಿ ಆಕೆಯ ಮುಖವೂ ಸಪ್ಪಗಾಯಿತು. "ಅಕ್ಕಾ, ಇಕಿಗೂ ಹೇಳಿಯೇನು ಹಿಂದಿನ ಬಾಗಿಲು?"

"ಹೇಳಿದ್ರ ಏನಾತು?"

"ನನಗೊಬ್ಬಾಕಿಗೇ ಅಂದಿದ್ದಿ."

"ನಂಗೂ ಹಂಗೇ ಅಂದಿದ್ರಿ," ಎಂದೆ ನಾನು.

ಅಕ್ಕ ಸೌಟು ಹಿಡಿದೇ ಸೊಂಟಕ್ಕೆ ಕೈಯಿಟ್ಟಳು. "ಏನವ್ವಾ, ಇಬ್ರೂ ಸವತೇರೇನು ನೀವು? ಈ ಮನಿಯಾಗ ನಮ್ಮತ್ತಿನ್ನ ಸುಧಾರಸೋದೇ ಸಾಕಾಗೇತಿ. ಕುಂದ್ರು, ಕಾಯಿ ಸುಲಿ. ಮೊದಲು ಯಾರ ಬುಟ್ಟಿ ತುಂಬತೈತೋ ಅವ್ರಿಗಿ ಫ್ಯಾನಿನ ಕೆಳಗಿನ ಗೂಡು."

ನನ್ನ ಅರ್ಜಿ ಹೋಯಿತು. ಆದರೆ ಮೂಲೆಯ ಗೂಡಿನಿಂದ, ಸುಣ್ಣದ ಬಟ್ಟಲಿನ ಗುಂಡಿನಿಂದ. ಅವರೆಕಾಯಿ ಸುಲಿಯುವುದರಲ್ಲಿ ಧನ್ವಾಡದವರನ್ನು ಗೆಲ್ಲುವುದು ಕಷ್ಟ.

ಕಡೆಗೆ ರಾಜ್ಯವಾಯಿತು. ಓಣಿಯ ಮಣ್ಣೆಲ್ಲ ಗುಲಾಲಿನಿಂದ ಗುಲಾಬಿಯಾಯಿತು. ಜನ ನೆಟ್ ಸೆಂಟರಿಗೆ ಬಂದು ಅರ್ಜಿ ತುಂಬಲು ಕೂತರೆ ಅದರೊಳಗಿನ ರಾಜ್ಯಗಳ ಪಟ್ಟಿಯಲ್ಲಿ ನಮ್ಮದೇ ಇಲ್ಲ. ತಮಿಳುನಾಡು ಆದಮೇಲೆ ಸೀದಾ ತ್ರಿಪುರಾ. ಮಖ್ತಲ್‌ನಿಂದ ಬಂದಿದ್ದ ವಯಸ್ಸಾದ ರೈತರೊಬ್ಬರು ಕನ್ನಡಕ ಒರೆಸಿ ಒರೆಸಿ ನೋಡಿ, "ಎಲ್ಲಿ ಹೋತವ್ವ ನಮ್ ರಾಜ್ಯ?" ಎಂದು ಕೇಳಿದರು. "ಕೂಸು ಹುಟ್ಟೈತಿ ಕಾಕಾ, ರೇಶನ್ ಕಾರ್ಡಿನ್ಯಾಗ ಇನ್ನಾ ಏರಿಲ್ಲ," ಅಂದಳು ಅಕ್ಕ. ಅಂದಿನಿಂದ ನಾನು ದಿನವೂ ಹೋಗಿ ಆ ಪಟ್ಟಿ ತೆರೆದು ನೋಡುತ್ತಿದ್ದೆ. ಹೆಸರು ಬಂದ ದಿನ ಅಕ್ಕನಿಗೆ ಮೊದಲು ತೋರಿಸುವವಳು ನಾನಾಗಬೇಕೆಂದು. ಅದು ಬಂದದ್ದು ನನಗೆ ಜ್ವರ ಬಂದ ದಿನ. ಎದ್ದು ಹೋಗುವ ಹೊತ್ತಿಗೆ ಅಕ್ಕ ಎಲ್ಲರಿಗೂ ಸಕ್ಕರೆ ಹಂಚುತ್ತಿದ್ದಳು. ಯಾರು ತೋರಿಸಿದರು ಎಂದು ನಾನು ಕೇಳಲಿಲ್ಲ. ಫ್ಯಾನಿನ ಕೆಳಗೆ ನೋಡಿದರೆ ಸಾಕಿತ್ತು.

ಆಮೇಲೆ ಎಲ್ಲರ ಕೈಗೂ ಫೋನು ಬಂತು. ಗುಂಡು ಕೇಳುವವರು ಕಡಿಮೆಯಾದರು. ಅಂಗಡಿ ಮುಚ್ಚುವ ವಾರ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಪಾನದಾನ ಆಕೆಯ ತೊಡೆಯ ಮೇಲಿತ್ತು. ಲವಂಗದ ಬಟ್ಟಲಿನಿಂದ ಗುಂಡು ತೆಗೆದು, ಸೆರಗಿಗೆ ಒರೆಸಿ, ನನ್ನ ಬೆರಳುಗಳನ್ನು ಅದರ ಮೇಲೆ ತಾನೇ ಮಡಚಿದಳು.

"ಇದು ನಿಂದು. ಯಾರಿಗೂ ಹೇಳಬ್ಯಾಡ."

ಹಾಗಂದಳೇ? ನನ್ನ ದಿನಚರಿಯಲ್ಲಿ ಆ ದಿನ ಇರುವುದು "ಅಕ್ಕ ಗುಂಡು ಕೊಟ್ಟಳು" ಎಂಬ ಒಂದೇ ಸಾಲು. ಆ ಮಾತು ಇಲ್ಲ. ಹಿಂದಿನ ಬಾಗಿಲಿನ ಗುಟ್ಟಿನ ಮಾತನ್ನು ತಂದು ನಾನೇ ಇಲ್ಲಿ ಅಂಟಿಸಿಕೊಂಡೆನೇ ಎಂದು ಎಷ್ಟೋ ಸಲ ಅನುಮಾನಪಟ್ಟಿದ್ದೇನೆ. ಆದರೂ ಅದರ ಮೇಲೆಯೇ ಬದುಕಿದೆ ಎನ್ನಬೇಕು. ಧನ್ವಾಡದಾಕಿಗೆ ಫ್ಯಾನು ಸಿಕ್ಕಿರಬಹುದು, ನಗು ಸಿಕ್ಕಿರಬಹುದು, ಗುಂಡು ನನ್ನದು.

ಹೋದ ತಿಂಗಳು ಅಕ್ಕ ತೀರಿಕೊಂಡಳು, ಗದ್ವಾಲ್‌ನಲ್ಲಿ, ತಮ್ಮನ ಮನೆಯಲ್ಲಿ. ನನಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಳೆಯ ಗಿರಾಕಿಗಳು ಫೋನಿನಲ್ಲಿ ಒಂದು ಗುಂಪು ಮಾಡಿ ನನ್ನನ್ನೂ ಸೇರಿಸಿದರು. ಮೊದಲ ದಿನ ಕೈಮುಗಿದ ಚಿತ್ರಗಳು. ಎರಡನೆಯ ದಿನ ಕೊತ್ತಪಲ್ಲಿಯವರೊಬ್ಬರು ಒಂದು ಫೋಟೋ ಹಾಕಿದರು: ಅಂಗೈಯಲ್ಲಿ ಬೂದು ಗುಂಡು. ಕೆಳಗೆ ತೆಲುಗಿನಲ್ಲಿ, "ಎವರಿಕೀ ಚೆಪ್ಪಕು, ಯಾರಿಗೂ ಹೇಳಬೇಡ, ಅಂದಿದ್ದಳು ಅಕ್ಕ; ಇನ್ನು ಹೇಳಿದರೆ ತಪ್ಪಿಲ್ಲ" ಎಂದು ಬರೆದಿದ್ದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಅಂಗೈ, ಇನ್ನೊಂದು ಗುಂಡು. ಸಂಜೆಯವರೆಗೂ ಬರುತ್ತಲೇ ಇದ್ದವು. ಅಂಗಡಿಯಲ್ಲಿದ್ದ ಕಂಪ್ಯೂಟರುಗಳಿಗಿಂತ ಗುಂಡುಗಳೇ ಹೆಚ್ಚು! ಎಲ್ಲಿಂದ ತಂದಳು ಇಷ್ಟನ್ನು? ಯಾವ ಗುಜರಿ ಅಂಗಡಿಯಲ್ಲಿ ಕೂತು ಹಳೆಯ ಮೌಸುಗಳ ಹೊಟ್ಟೆ ಬಿಚ್ಚಿದಳು? ಎಲ್ಲರಿಗೂ ಹಿತ್ತಲಲ್ಲೇ, ಎಲ್ಲರಿಗೂ ಅದೇ ಮಾತು. ನನ್ನ ನೆನಪು ನಿಜವೆಂದು ಸಾಬೀತಾಯಿತು. ಆಗದಿದ್ದರೇ ಚೆನ್ನಾಗಿತ್ತು.

ಧನ್ವಾಡದಾಕಿಯ ಫೋಟೋ ಕೊನೆಗೆ ಬಂತು. ಈಗ ಆಕೆ ಅಲ್ಲೇ ಶಾಲೆಯಲ್ಲಿ ಟೀಚರ್. "ಇನ್ನೂ ಲವಂಗದ ವಾಸನೆ ಬರುತ್ತದೆ," ಎಂದು ಬರೆದಿದ್ದಳು.

ನಾನು ಫೋಟೋ ಹಾಕಲಿಲ್ಲ. ರಾತ್ರಿ ಆಕೆಯಿಂದ ನನಗೊಬ್ಬಳಿಗೇ ಸಂದೇಶ ಬಂತು. ಆಕೆ ಬರೆಯುವುದು ತೆಲುಗು ಅಕ್ಷರದಲ್ಲಿ ಕನ್ನಡ. "ಯಾಕ, ನಿಂಗ ಕೊಟ್ಟಿಲ್ಲೇನು ಅಕ್ಕ?"

ಗುಂಡು ನನ್ನ ಎಡಗೈಯಲ್ಲೇ ಇತ್ತು. ಬಲಗೈಯಿಂದ "ಇಲ್ಲ" ಎಂದು ಬರೆದೆ.

"ಪಾಪ... ಮರ್ತಿರಬೇಕು. ಮನಸಿಗಿ ಹಚ್ಕೋಬ್ಯಾಡ."

ಮರೆತಿಲ್ಲ ಎಂದು ಬರೆಯಲು ಬೆರಳು ಎಷ್ಟು ತವಕಿಸಿತು! ಬರೆಯಲಿಲ್ಲ. ಆಕೆಗೆ ಕನ್ನಡ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಇಲ್ಲಿ ಇಷ್ಟು ಬರೆದಿದ್ದೇನೆ. ಅಷ್ಟು ಜನರಲ್ಲಿ ಆ ಮಾತು ಉಳಿಸಿಕೊಂಡವಳು ನಾನೊಬ್ಬಳೇ ಎಂದು ಓಡಿಹೋಗಿ ಅಕ್ಕನಿಗೇ ಹೇಳಬೇಕೆನಿಸುತ್ತದೆ. ಕೇಳಿದರೆ ಸೊಂಟಕ್ಕೆ ಕೈಯಿಟ್ಟು ನಗುತ್ತಿದ್ದಳು, "ಏನವ್ವಾ, ಇನ್ನಾ ಸವತೇರೇನು?" ಎನ್ನುತ್ತಿದ್ದಳು... ಹೇಳಿಕೊಳ್ಳಬಹುದಾಗಿದ್ದದ್ದು ಆಕೆಯೊಬ್ಬಳ ಹತ್ತಿರವೇ.

ಗುಂಡನ್ನು ಸೆರಗಿಗೆ ಒರೆಸಿ ಡಬ್ಬಿಗೆ ಹಾಕಿದೆ. ಜೊತೆಗೆ ಅಡಿಗೆ ಮನೆಯಿಂದ ಒಂದು ಲವಂಗ ತಂದು ಹಾಕಿದೆ.