ತಾತನ ಹಾರ್ಮೋನಿಯಂ ನುಂಗಿದ ವೈರಸ್ಸು

ನೀವು ಖಂಡಿತ ನಂಬುವುದಿಲ್ಲ — ಮೂರು ವರ್ಷದಿಂದ ನಮ್ಮ ಮನೆಯವರೆಲ್ಲ ಬೈಯುತ್ತಿರುವ ಆ ವೈರಸ್ಸು ಇರಲೇ ಇಲ್ಲ. ಅಕ್ಕನ ಹಾರ್ಮೋನಿಯಂ ನುಂಗಿದವನು ನಾನು. ಆಗ ನನಗೆ ಹದಿನಾಲ್ಕು. ಹೊಸೂರಿನ ಆಲಸನತ್ತ ಬಡಾವಣೆಯಲ್ಲಿ ನನ್ನಷ್ಟು ಕಂಪ್ಯೂಟರ್ ಬಲ್ಲವನು ಇನ್ನೊಬ್ಬನಿಲ್ಲ ಎಂದು ನಾನೇ ಸಾರಿಕೊಂಡು ತಿರುಗುತ್ತಿದ್ದ ಕಾಲ.

ಅಕ್ಕ ಲ್ಯಾಪ್‌ಟಾಪಿನಲ್ಲಿ ಹಾಡು ಕಟ್ಟುತ್ತಿದ್ದಳು. ಅದಕ್ಕೆ ಪ್ಲಗಿನ್‌ಗಳು ಬೇಕು — ಸಂಗೀತದ ಸಾಫ್ಟ್‌ವೇರಿನೊಳಗೆ ಕೂತು ನುಡಿಯುವ ವಾದ್ಯಗಳು. ಅವುಗಳ ಧ್ವನಿ ಮಾತ್ರ ಬೇರೊಂದು ಫೋಲ್ಡರಿನಲ್ಲಿರುತ್ತದೆ. ವೀಣೆ, ತಬಲಾ ಎಲ್ಲ ಇಂಟರ್ನೆಟ್ಟಿನಿಂದ ಬಂದವು. ಹಾರ್ಮೋನಿಯಂ ಹಾಗಲ್ಲ. ತೊರಪಲ್ಲಿಯಲ್ಲಿದ್ದ ತಾತನ — ಅಪ್ಪನ ಅಪ್ಪನ — ಪೆಟ್ಟಿಗೆಯದು. ತಾತ ತಿದಿ ಒತ್ತುತ್ತಿದ್ದರು, ಅಕ್ಕ ಒಂದೊಂದೇ ಕೀ ಹಿಡಿದು ರೆಕಾರ್ಡ್ ಮಾಡಿಕೊಂಡಿದ್ದಳು. ಪ್ರತಿ ಸ್ವರದ ಹಿಂದೆಯೂ ತಾತನ ಉಸಿರಿತ್ತು. ತಾತ ತೀರಿಕೊಂಡ ಮೇಲೆ ಪೆಟ್ಟಿಗೆಗೆ ಗೆದ್ದಲು ಹಿಡಿಯಿತು. ವರ್ಷದ ತಿಥಿಗೆ ಅದೇ ಧ್ವನಿಯಲ್ಲಿ ಒಂದು ಹಾಡು ಕೇಳಿಸುತ್ತೇನೆ ಎಂದು ಅಕ್ಕ ಅಪ್ಪನಿಗೆ ಮಾತು ಕೊಟ್ಟಿದ್ದಳು.

ನನಗೆ ಬೇಕಿದ್ದದ್ದು ಒಂದು ಗೇಮಿಗೆ ಜಾಗ. ಸಿ ಡ್ರೈವ್ ತುಂಬಿ ಕೆಂಪಾಗಿತ್ತು. ಲ್ಯಾಪ್‌ಟಾಪಿನ ಫ್ಯಾನು ಬಸ್ ಸ್ಟ್ಯಾಂಡಿನ ಜ್ಯೂಸ್ ಅಂಗಡಿ ಮಿಕ್ಸಿಯಂತೆ ಅರಚುತ್ತಿತ್ತು. ಅಕ್ಕನ ಧ್ವನಿಗಳ ಫೋಲ್ಡರನ್ನು ಎತ್ತಿ, ಲ್ಯಾಪ್‌ಟಾಪಿಗೆ ಸಿಕ್ಕಿಸಿಟ್ಟಿದ್ದ ಅಪ್ಪನ ಹಾರ್ಡ್ ಡಿಸ್ಕಿಗೆ ಹಾಕಿದೆ — ಕಾಪಿ ಅಲ್ಲ, ಕಟ್. ಐವತ್ತು ಗಂಟೆ ಹಿಡಿಯಿತು. ಸರಿ, ಐದು. ‘ಫೈಲ್ ಸಿಗುತ್ತಿಲ್ಲ’ ಎಂದಿತು ಪ್ಲಗಿನ್; ಹೊಸ ಜಾಗ ತೋರಿಸಿದೆ; ಹಾರ್ಮೋನಿಯಂ ನುಡಿಯಿತು! ಹೃದಯದ ಆಪರೇಷನ್ ಮುಗಿಸಿದ ಡಾಕ್ಟರಂತೆ ಕೈ ತೊಳೆದುಕೊಂಡೆ — ನಿಜವಾಗಿಯೂ, ಸೋಪು ಹಾಕಿ. ಆದರೆ ಇನ್ನುಮುಂದೆ ಆ ಡಿಸ್ಕನ್ನು ಕೀಳಬಾರದೆಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಗೇಮಿನ ಗುಟ್ಟು...

ಮರುವಾರ ಅಪ್ಪ ಡಿಸ್ಕನ್ನು ತಾವು ಪಾಠ ಮಾಡುವ ಕೃಷ್ಣಗಿರಿಯ ಸ್ಕೂಲಿಗೆ ಒಯ್ದರು. ತಿಥಿಗೆ ಎರಡೇ ದಿನ ಉಳಿದಿತ್ತು. ಅವತ್ತೇ ಅಕ್ಕ ಪ್ಲಗಿನ್ ತೆರೆದಳು.

ಪರದೆ ತುಂಬ ಕೆಂಪು ಸಾಲು. ಒಂದನ್ನು ಮುಚ್ಚಿದರೆ ಇನ್ನೊಂದು. ಪ್ರತಿ ಸ್ವರಕ್ಕೂ ಅದೇ ಪ್ರಶ್ನೆ — ಫೈಲ್ ಎಲ್ಲಿದೆ, ತೋರಿಸು. ಮೂರು ಗಂಟೆ ಹುಡುಕಿ ಅಕ್ಕ ಮೌಸನ್ನು ಮೇಜಿಗೆ ಕುಟ್ಟಿದಳು.

“ಲೋ, ನೀನೇನಾದ್ರೂ ಮುಟ್ಟಿದ್ಯೇನ್ಲಾ?”

“ನಾನ್ಯಾಕಕ್ಕ ಮುಟ್ಲಿ? ನೀನು ಬಿಟ್ಟಿ ಪ್ಲಗಿನ್ ಇಳಿಸ್ಕೊಂಡ್ಯಲ್ಲ, ಅದ್ರಲ್ಲಿ ವೈರಸ್ಸು ಬಂದದೆ. ಎಲ್ಲಾ ತಿಂದ್ಬುಟ್ಟದೆ.”

ಆ ವೈರಸ್ಸು ಹುಟ್ಟಿದ್ದು ಈ ಮಾತಿನಿಂದಲೇ. ಅಕ್ಕನ ಮುಖ ಬಿಳಿಚಿಕೊಂಡಿತು. ಅಲ್ಲಿಗಾದರೂ ನಿಲ್ಲಿಸಬೇಕಿತ್ತು — ನಾನೋ...

“ಸಾಯಂಕಾಲದೊಳ್ಗೆ ವಾಪಸ್ ತತ್ತೀನಿ. ಎರಡು ಪ್ಲೇಟ್ ಗೋಬಿ ಕೊಡುಸ್ತೀಯಾ?”

“ತಂದ್ರೆ ಗೋಬಿ ಅಂಗಡೀನೇ ಕೊಡುಸ್ತೀನಿ ಕಣ್ಲಾ.”

ಅಪ್ಪ ಬರುತ್ತಾರೆ, ಡಿಸ್ಕ್ ಬರುತ್ತದೆ, ನಾನು ಹೀರೋ ಆಗುತ್ತೇನೆ. ಅಲ್ಲಿಯವರೆಗೆ ಕಪ್ಪು ಪರದೆಯೊಂದನ್ನು ತೆರೆದು ಅರ್ಥವಿಲ್ಲದ ಅಕ್ಷರ ಕುಟ್ಟುತ್ತ, “ಹ್ಞೂಂ, ಸಿಗ್ತಾ ಅದೆ” ಎನ್ನುತ್ತ ಕೂತೆ. ನನಗೆ ಟೀ ಮಾಡಿ ತರಲು ಅಕ್ಕ ಒಳಗೆ ಹೋದಳು.

ತಿಥಿಯ ದಿನ ಅವಳು ಅಪ್ಪನೆದುರು ತಲೆ ತಗ್ಗಿಸಿ, “ನನ್ನಿಂದಾನೇ ಹೋಯ್ತಪ್ಪಾ” ಎಂದಳು. ನಾನು ಪಕ್ಕದಲ್ಲೇ ವಡೆ ತಿನ್ನುತ್ತಿದ್ದೆ. ಅಪ್ಪನಿಗೂ ಏನೂ ಹೊಳೆಯಲಿಲ್ಲ. ಅವರಿಗೆ ನೋವಾಗಬಾರದೆಂದು ಸುಮ್ಮನಿದ್ದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ — ಇಲ್ಲ, ಹೆದರಿ ಸುಮ್ಮನಿದ್ದೆ. ಇವತ್ತು ಈ ಬರಹವನ್ನು ಅಪ್ಪ, ಅಕ್ಕ ಇಬ್ಬರ ಕೈಗೂ ಕೊಡುತ್ತೇನೆ. ಉಳಿದಿರುವುದು ನಾನು ಕಪ್ಪು ಪರದೆಯ ಮುಂದೆ ಕೂತಿದ್ದ ಆ ಸಾಯಂಕಾಲದ್ದು. ಇದನ್ನು ಮಾತ್ರ ಒಂದಿಷ್ಟೂ ಹಿಗ್ಗಿಸಿಲ್ಲ.

ಅಕ್ಕ ಇನ್ನೂ ಅಡುಗೆಮನೆಯಲ್ಲಿದ್ದಳು. ಅಪ್ಪ ಒಳಗೆ ಬಂದು, ಬ್ಯಾಗಿನಿಂದ ಡಿಸ್ಕ್ ತೆಗೆದು ನನ್ನ ಮುಂದಿಟ್ಟರು.

“ಇದ್ರಲ್ಲಿ ಏನೇನೋ ತುಂಬ್ಕೊಂಡಿತ್ತು ಕಣ್ಲಾ. ನಾಲ್ಕೈದು ಹಾಕಿ ಕೇಳ್ದೆ — ಬರೀ ಗುಯ್ ಅಂತ ಒಂದೇ ಸದ್ದು, ಹಿಂದ್ಗಡೆ ಯಾರೋ ಉಸ್ರು ಬಿಟ್ಟಂಗೆ. ಕೆಟ್ಟೋಗಿರೋ ಫೈಲು ಅಂತ ಎಲ್ಲಾ ಅಳಿಸ್ಬುಟ್ಟು ಪ್ಲಸ್ ಟೂ ಪಾಠ ತುಂಬ್ಕೊಂಡೆ.”